ಹಣೆ ನೋಡಿ ಕಪ್ಪು-ಬಸಿ ಮಾರುವ ಹಾಜರಾಬಿ

ನಮ್ಮ ಸವಣೂರಿನಲ್ಲಿ ವೀಳ್ಯದೆಲೆ ಮಾರುವವರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಇಂಗ್ಲೆಂಡಿನ ಕಪ್ಪು-ಬಸಿ ಮಾರುವಾಕೆ ಹಾಜರಾಬಿ ಒಬ್ಬಳೇ. ಆಕೆಯ ಗಂಡನ ಅಜ್ಜ ಧಾರವಾಡದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನ ಬಂಗಲೆಯಲ್ಲಿ ಊಟದ ಮೇಜು ನೋಡಿಕೊಳ್ಳುತ್ತಿದ್ದನಂತೆ. ಸಾಹೇಬ ದೇಶ ಬಿಟ್ಟು ಹೊರಟಾಗ ಆರು ಪೆಟ್ಟಿಗೆ ಪಿಂಗಾಣಿ ಅವನಿಗೇ ಕೊಟ್ಟು ಹೋದ. ಆಮೇಲೆ ಮನೆಯವರು ಹರಾಜುಗಳಲ್ಲಿ ಹಿಡಿದದ್ದೂ ಸೇರಿ ಪಡಸಾಲೆಯ ಎರಡು ಕಪಾಟು ತುಂಬಿದವು. ಈಗ ಮಗಳು ಗುಲ್ನಾರ ಫೋನಿನಲ್ಲಿ ಫೋಟೋ ಹಾಕುತ್ತಾಳೆ, ಗಿರಾಕಿಗಳು ಎಲ್ಲೆಲ್ಲಿಂದಲೋ ಬರುತ್ತಾರೆ.

ನಾನು ಎದುರುಮನೆಯ ಜಯಶ್ರೀ. ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಕಲಿಸಿದ್ದರಿಂದ ಓಣಿಗೆಲ್ಲ ‘ಅಕ್ಕೋರು’. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಆಡಿಕೊಳ್ಳುವುದು ಸುಳ್ಳೇನಲ್ಲ. ಹಾಜರಾಬಿಯ ಮೇಲೂ ನನಗೊಂದು ಹಳೇ ಸಿಟ್ಟಿತ್ತು. ಇಪ್ಪತ್ತು ವರ್ಷ ಆ ಮನೆಯ ಚಹಾ ಕುಡಿದಿದ್ದೇನೆ, ಒಂದು ಸಲವಾದರೂ ಬಂಗಾರದ ಅಂಚಿನ ಕಪ್ಪಿನಲ್ಲಿ ಕೊಟ್ಟವಳಲ್ಲ. ನನ್ನ ಪಾಲಿಗೆ ಯಾವಾಗಲೂ ಸ್ಟೀಲ್ ಲೋಟ. ಎಂಥ ಜಿಪುಣಿ ಎಂದುಕೊಂಡಿದ್ದೆ.

ವ್ಯಾಪಾರದಲ್ಲಿ ಮಾತ್ರ ಆಕೆ ಬಲು ನಿಯತ್ತಿನವಳು. ಕೂದಲೆಳೆಯಷ್ಟು ಬಿರುಕಿದ್ದರೂ ತಾನೇ ಉಗುರಿನಿಂದ ತೋರಿಸಿ, ಆಮೇಲೆ ರೇಟು ಹೇಳುವಾಕೆ. ಕಪಾಟು ಖಾಲಿಯಾದರೂ ಹೆಸರು ಉಳಿದರೆ ಸಾಕು ಎನ್ನುವ ಜಾತಿ.

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಸಂಜೆ ಆಕೆ ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಮನೆಗೆ ಓಡಿ ಬಂದಳು. 

“ಅಕ್ಕೋರ, ನನ್ನಿಂದ ಭಾಳ ದೊಡ್ಡ ತಪ್ಪಾಗೇತ್ರಿ.”

ಕೂಡಿಸಿ, ನೀರು ಕೊಟ್ಟು ಕೇಳಿದೆ. ಹಿಂದಿನ ವಾರ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಚನ್ನೇಶ ಎಂಬವನು ಹನ್ನೆರಡು ಕಪ್ಪಿನ ಸೆಟ್ಟು ಒಯ್ದಿದ್ದ. ಹೊಸ ಬಂಗಲೆಯ ಶೋಕೇಸಿಗೆ ಎಂದಿದ್ದ. ಈಗ ಅವನ ಫೋನಿನಿಂದ ಅವನ ತಾಯಿ ಸರೋಜವ್ವ ಮಾತಾಡಿದ್ದಳು. ನಾಳೆ ಶ್ರಾವಣ ಸೋಮವಾರ, ಮಠದ ಸ್ವಾಮಿಗಳು, ಅಜ್ಜಾರು, ಪಾದಪೂಜೆಗೆ ಮನೆಗೆ ಬರುತ್ತಾರೆ, ಆ ಕಪ್ಪಿನಲ್ಲೇ ಹಾಲು ಕೊಡಬೇಕೆಂದಿದ್ದೇವೆ, ಬಿಸಿ ಹಾಲಿಗೆ ಒಡೆಯುತ್ತವೇನು ಎಂದು ಕೇಳಿದ್ದಳು. ಇವಳು ಮಾರುವವರ ರೂಢಿಯಲ್ಲಿ “ಕುದಿಯೂ ಹಾಲ ಹಾಕ್ರಿ, ಏನೂ ಆಗಂಗಿಲ್ಲ” ಅಂದಿದ್ದಳು. ಫೋನ್ ಇಟ್ಟ ಮೇಲೆ ತಾನು ಹೇಳಿದ್ದೇನೆಂದು ಹೊಳೆದಿತ್ತು.

“ಅದರಾಗ ಏನ ತಪ್ಪೈತಿ?” ಎಂದೆ.

“ಅದು ಬರೇ ಮಣ್ಣಲ್ರಿ. ಅರ್ಧದಷ್ಟು ಸುಟ್ಟ ಎಲುಬಿನ ಬೂದಿ ಐತಿ. ದನದ ಎಲುಬು. ಅದಕ್ಕ ಅಷ್ಟು ಬೆಳ್ಳಗ ಇರತಾವು, ಬೆಳಕಿಗೆ ಹಿಡದ್ರ ಬೆರಳು ಕಾಣತಾವು.”

ನನ್ನ ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು. ಮರುಕ್ಷಣವೇ ಸ್ಟೀಲ್ ಲೋಟದ ಅರ್ಥ ಹೊಳೆಯಿತು.

“ಅದಕ್ಕ ನನಗ ಆ ಕಪ್ಪಿನಾಗ ಕೊಡಲಿಲ್ಲೇನ?”

“ಹೆಂಗ ಕೊಡ್ಲಿರಿ? ನೀವು ಲಿಂಗಾ ಕಟ್ಟಿದವ್ರು.”

“ಹೇಳಬಾರದಿತ್ತೇನ ಮತ್ತ?”

“ಹೇಳಿದ್ರ ನಮ್ಮನಿ ಲೋಟದಾಗಿನ ಚಹಾನೂ ಬಿಡತೀರಿ ಅಂತ ಅಂಜಿದ್ನಿ.”

ಇಪ್ಪತ್ತು ವರ್ಷ ಸಾಕಿದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ನಾಚಿಕೆಯಾಯಿತು.

ಆಕೆಯದೊಂದು ಪದ್ಧತಿಯಿತ್ತು. ಗಿರಾಕಿ ಹೊಸ್ತಿಲು ದಾಟುತ್ತಲೇ ಹಣೆ ನೋಡುವುದು. ವಿಭೂತಿ ಕಂಡರೆ ಮೊದಲೇ ಎಲುಬಿನ ವಿಷಯ ಹೇಳಿಬಿಡುವುದು. ಜಾತಿ ಕೇಳಿದರೆ ಮಂದಿ ಮುನಿಸಿಕೊಳ್ಳುತ್ತಾರೆ, ಹಣೆ ನೋಡಿದರೆ ಯಾರೂ ಮುನಿಯುವುದಿಲ್ಲ. ಚನ್ನೇಶ ಜೀನ್ಸ್ ತೊಟ್ಟು, ಕರಿ ಕನ್ನಡಕ ಹಾಕಿ, ಬೋಳು ಹಣೆಯಲ್ಲಿ ಬಂದಿದ್ದ. ಮೇಲಾಗಿ ಶೋಕೇಸಿಗೆ ಎಂದದ್ದರಿಂದ ಈಕೆ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಗುಲ್ನಾರ ತಾಯಿಯ ಚಪ್ಪಲಿ ಹಿಡಿದು ಬಂದಳು. “ಸುಮ್ಮಿರು ಅಮ್ಮೀ. ಅವರಿಗೆ ಯಾವತ್ತೂ ಗೊತ್ತಾಗಂಗಿಲ್ಲ. ನೀ ಬುರ್ಖಾದಾಗ ಹೋಗಿ ಪೂಜಾದ ಮನ್ಯಾಗ ಎಲುಬು ಅಂದ್ರ, ಬೇಕಂತನ ಕೊಟ್ಟಾಳ ಅಂತಾರ. ಯಾರರ ಒಬ್ರು ವಿಡಿಯೋ ಮಾಡಿದ್ರ ಮುಗೀತು. ನಾವು ಈ ಊರಾಗ ಇರೂದು ಹೆಂಗ?”

ಹುಡುಗಿಯ ಮಾತು ತೆಗೆದುಹಾಕುವಂಥದ್ದಲ್ಲ. ಕಾಲವೇ ಹಾಗಿದೆ.

“ನನಗ ಗೊತ್ತೈತಲ್ಲ,” ಎಂದಳು ಹಾಜರಾಬಿ. “ಗೊತ್ತಿದ್ದೂ ಕುಡಿಸಿದ್ನಿ ಅಂದ್ರ ನಾ ಯಾವ ಬಾಯಿಲೆ ನಮಾಜ ಮಾಡ್ಲಿ?” ಎರಡು ಸಲ ಫೋನ್ ಹಚ್ಚಿದ್ದಳಂತೆ. ಎರಡೂ ಸಲ ಚನ್ನೇಶನೇ ಎತ್ತಿದ್ದರಿಂದ ಅಂಜಿ ಇಟ್ಟುಬಿಟ್ಟಿದ್ದಳು. ಇದು ಹೆಂಗಸರ ಕಿವಿಗೆ, ಎದುರಿಗೆ ನಿಂತು ಹೇಳುವ ಮಾತು. “ನೀವು ಕೂಡ ಬರ್ರಿ ಅಕ್ಕೋರ. ನಿಮ್ಮ ಹಣಿ ನೋಡಿ ಒಳಗ ಬಿಡತಾರ.”

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ನಾನು ಎಂದಿಗಿಂತ ದಪ್ಪಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದೆ. ಹಾವೇರಿಯಲ್ಲಿ ಹಿರೇಕೆರೂರಿನ ಬಸ್ಸು ಮುಕ್ಕಾಲು ತಾಸು ಬರಲಿಲ್ಲ. ಬಂದದ್ದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರೂರಿಗೂ ನಿಲ್ಲಿಸಿ ಹೂವಿನ ಬುಟ್ಟಿಯವರನ್ನು ಹತ್ತಿಸಿಕೊಳ್ಳುತ್ತಿದ್ದ ಕಂಡಕ್ಟರನನ್ನು ನಾನು ಬೈದೆ. ಹಾಜರಾಬಿ ಕಂಬಿ ಹಿಡಿದು ಗಳಿಗೆಗೊಮ್ಮೆ ನನ್ನ ಗಡಿಯಾರ ನೋಡುತ್ತಿದ್ದಳು. ಅಜ್ಜಾರು ಹತ್ತಕ್ಕೆ ಬರುತ್ತಾರೆಂದು ಸರೋಜವ್ವ ಹೇಳಿದ್ದಳು. ನಾವು ಇಳಿದಾಗ ಹತ್ತೂಕಾಲು.

ಬಂಗಲೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಪಾದಪೂಜೆ ನಡೆಯುತ್ತಿತ್ತು, ಗಂಟೆ ಕೇಳಿಸುತ್ತಿತ್ತು. ಹಿಂಬಾಗಿಲಲ್ಲಿ ಯಾರೋ ಒಬ್ಬ “ಇವ್ರು ಯಾರ್ರಿ?” ಎಂದು ಬುರ್ಖಾದ ಕಡೆ ನೋಡಿದ. “ನನ್ನ ಕೂಡ ಬಂದಾರ,” ಎಂದು ಸಾಲಿಯ ದನಿಯಲ್ಲಿ ಹೇಳಿದೆ. ಅವನು ಸರಿದ.

ಅಡಿಗೆಮನೆಯಲ್ಲಿ ಸರೋಜವ್ವ ಒಬ್ಬಳೇ ಇದ್ದಳು. ಕಟ್ಟೆಯ ಮೇಲೆ ಹನ್ನೆರಡು ಕಪ್ಪು ಸಾಲಾಗಿ ನಿಂತಿದ್ದವು. ಅವಳ ಕೈಯಲ್ಲಿ ಹಾಲಿನ ಸೌಟಿತ್ತು, ಇನ್ನೂ ಬಗ್ಗಿಸಿರಲಿಲ್ಲ. ನಾನು ಬಾಗಿಲು ಎಳೆದು ಮುಚ್ಚಿದೆ. ಹಾಜರಾಬಿ ಮುಖದ ಪರದೆ ಎತ್ತಿ, ಸುತ್ತುಬಳಸು ಮಾತಿಲ್ಲದೆ ಹೇಳಿದಳು. ಇದರಲ್ಲಿ ಎಲುಬಿದೆ, ಶೋಕೇಸಿಗೆ ಎಂದದ್ದರಿಂದ ಹೇಳಲಿಲ್ಲ, ನಿನ್ನೆ ಫೋನಿನಲ್ಲೂ ಬಾಯಿ ಬರಲಿಲ್ಲ, ತಪ್ಪು ನನ್ನದು ಎಂದು ಕೈಮುಗಿದಳು.

ಸರೋಜವ್ವ ಸೌಟನ್ನು ಹಾಲಿನ ಪಾತ್ರೆಗೆ ಮರಳಿ ಇಟ್ಟಳು.

“ಬೆಳಿಗ್ಗೆ ಬಿಸಿ ಹಾಲು ಹಾಕಿ ನೋಡಿದ್ನಿ, ಒಡೀಲಿಲ್ಲ,” ಎಂದಳು. “ಅಜ್ಜಾರಿಗಂತ ಕಾಸಿದ ಹಾಲು ಚೆಲ್ಲಬಾರದಂತ ನಾನ ಕುಡದ್ನಿ.”

 ನನಗೆ ಭಯವಾಯಿತು, ಮುಚ್ಚಿಡುವುದೇಕೆ. ಈ ಹೆಂಗಸು ಒಂದು ಸಲ ಕೂಗಿದರೆ ಸಾಕು, ಹೊರಗಿನ ನೂರು ಮಂದಿ ಒಳಗಿರುತ್ತಾರೆ. ಸರೋಜವ್ವ ಎರಡೂ ಕೈಯಲ್ಲಿ ಎದೆಯ ಮೇಲಿನ ಲಿಂಗ ಹಿಡಿದು ಕಣ್ಣು ಮುಚ್ಚಿದಳು.

“ಇದು ಮತ್ತ ಯಾರಿಗೆ ಗೊತ್ತೈತಿ?”

“ನಮಗ ಇಬ್ಬರಿಗೆ, ನನ್ನ ಮಗಳಿಗೆ.”

“ಇಲ್ಲಿಗೇ ಮುಗೀಲಿ,” ಎಂದು ಸರೋಜವ್ವ ಕಪಾಟಿನಿಂದ ಬೆಳ್ಳಿ ಲೋಟ ತೆಗೆದು ಹಾಲು ಬಗ್ಗಿಸತೊಡಗಿದಳು.

ಆಗಲೇ ಬಾಗಿಲು ತೆರೆಯಿತು. ಚನ್ನೇಶ, ಅವನ ಬೆನ್ನಿಗೆ ಐದಾರು ಬೀಗರು. ಆವತ್ತು ಅವನ ಹಣೆ ತುಂಬ ವಿಭೂತಿಯಿತ್ತು. “ಅವ್ವಾ, ಹಾಲು! ಇದೇನ, ಕಪ್ಪಿನಾಗ ಹಾಕಲಿಲ್ಲ?”

ಸರೋಜವ್ವ ತಲೆ ಎತ್ತಲಿಲ್ಲ. “ಸೀಳ ಬಿಟ್ಟಾವಪ್ಪ. ಬಿಸಿ ತಡೀಲಿಲ್ಲ. ಹೊಳ್ಳಿ ಒಯ್ಯಾಕ ಬಂದಾರ.”

ಚನ್ನೇಶ ಹಾಜರಾಬಿಯ ಕಡೆ ತಿರುಗಿದ. “ಏನ್ರಿ, ಸವಣೂರ ಹಾಜರಾಬಿ ಅಂದ್ರ ಎಲ್ಲಾರೂ ಹೊಗಳತಿದ್ರು. ಸೀಳಿದ ಮಾಲು ಕೊಟ್ಟು ಮೋಸ ಮಾಡತೀರೇನ್ರಿ?”

ಮೈಯೆಲ್ಲ ಉರಿದುಹೋಯಿತು ನನಗೆ. ಬಾಯಿ ತೆರೆದೆ. ಹಾಜರಾಬಿ ನನ್ನ ಮುಂಗೈ ಗಟ್ಟಿಯಾಗಿ ಒತ್ತಿದಳು.

“ಹೌದ್ರಿ,” ಎಂದಳು, ಎಲ್ಲರೆದುರಿಗೆ. “ನೋಡದ ಕೊಟ್ಟೇನಿ. ತಪ್ಪು ನಂದ ಐತಿ. ನಿಮ್ಮ ರೊಕ್ಕ ಇವತ್ತ ಹೊಳ್ಳಿ ಹಾಕಸತೇನಿ.”

ಬೀಗರಲ್ಲೊಬ್ಬ ಏನೋ ಅಂದು ನಕ್ಕ. ಹಾಜರಾಬಿ ಒಂದೊಂದೇ ಕಪ್ಪನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟಳು. ಒಂದರಲ್ಲೂ ಗೀರಿರಲಿಲ್ಲ. ಸರೋಜವ್ವ ಬೆಳ್ಳಿ ಲೋಟಗಳ ಪರಾತ ಹೊತ್ತು ನಮ್ಮನ್ನು ದಾಟಿ ಹೋದಳು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತಾಗ ಆಕೆ ಅತ್ತಳು. “ಮೋಸ ಅಂದ್ರು ಅಕ್ಕೋರ. ಇಷ್ಟ ವರ್ಷದಾಗ ಯಾರೂ ಅಂದಿರಲಿಲ್ಲ.”

“ಹೊಳ್ಳಿ ಹೋಗಿ ಇದ್ದದ್ದು ಇದ್ದಂಗ ಹೇಳಿ ಬರ್ತೇನಿ,” ಎಂದು ನಾನು ಎದ್ದೇಬಿಟ್ಟೆ.

ಆಕೆ ನನ್ನ ಸೆರಗು ಹಿಡಿದು ಕೂಡಿಸಿದಳು.

“ಬ್ಯಾಡ್ರಿ. ಆ ತಾಯಿ ಅಷ್ಟು ನುಂಗ್ಯಾಳ. ನಾ ಇಷ್ಟು ನುಂಗದಿದ್ರ ಹೆಂಗ?”