ಮರೆಯಿಲ್ಲದೆ ಟರ್ಕಿ ಹೊಡೆಯುವ ವಿದ್ಯೆ

ನಮ್ಮವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಧಾರವಾಡದ ಮಡಿವಂತ ಮನೆಯಿಂದ ಬಂದವರು, ಲಂಡನ್ನಿನಲ್ಲಿ ಅಷ್ಟು ವರ್ಷ ಎಲುಬಿನ ಡಾಕ್ಟರಾಗಿ ದುಡಿದರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡಿನಾಚೆ ಕೈ ಚಾಚಿದವರಲ್ಲ. ಅಂಥವರು ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ, ಸಟನ್ನಿನ ನಮ್ಮ ಮನೆಯ ಹಿತ್ತಲಲ್ಲಿ, ಮೈತುಂಬ ಎಲೆಬಣ್ಣದ ಬಟ್ಟೆ ಹಾಕಿಕೊಂಡು, ಸೇಬಿನ ಮರಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ಬಿಲ್ಲು ಇಟ್ಟುಕೊಂಡು ಕೂತರು. ಕಾಡು ಟರ್ಕಿ ಕೋಳಿಯನ್ನು ಬಾಣದಿಂದ ಹೊಡೆಯುವುದು ಹೇಗೆ ಎಂದು ಕಲಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಕಾಡು ಟರ್ಕಿ ಇಲ್ಲ. ಇದ್ದಿದ್ದರೂ ಅದಕ್ಕೆ ಬಾಣ ಬಿಟ್ಟರೆ ಪೊಲೀಸರು ಬಂದು ಕರೆದುಕೊಂಡು ಹೋಗುತ್ತಾರೆ. ಇದ್ಯಾವುದೂ ಅವರ ಸಾಧನೆಗೆ ಅಡ್ಡಿಯಾಗಲಿಲ್ಲ.

ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿಂದ ಇಣುಕಿ ನೋಡಿ, ನಿಮ್ಮ ಯಜಮಾನರು ಧ್ಯಾನ ಮಾಡುತ್ತಿದ್ದಾರೆಯೇ ಎಂದು ಪಿಸುಮಾತಿನಲ್ಲಿ ಕೇಳಿದಳು. ಹೌದು ಎಂದುಬಿಟ್ಟೆ. ನಮ್ಮ ವಿಷಯದಲ್ಲಿ ಇಂಗ್ಲಿಷಿನವರು ಏನು ಹೇಳಿದರೂ ನಂಬುತ್ತಾರೆ, ನಿಜವೊಂದನ್ನು ಬಿಟ್ಟು. ಅಂದಿನಿಂದ ಆಕೆ ನಮ್ಮವರು ಕೂತಿದ್ದಾಗ ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದನ್ನು ನಿಲ್ಲಿಸಿದಳು.

ಇದಕ್ಕೆಲ್ಲ ಮೂಲ ಸಾಹೇಬ. ಸಾಹೇಬ ಎಂದರೆ ನಮ್ಮವರ ವಾರ್ಡಿನ ಕನ್ಸಲ್ಟೆಂಟ್, ಅವರ ಮೇಲಿನ ದೊಡ್ಡ ಡಾಕ್ಟರು. ನಮ್ಮವರು ಸ್ಟಾಫ್ ಗ್ರೇಡ್. ಅಂದರೆ ಮುರಿದ ಮೂಳೆ ಕೂಡಿಸುವವರು ಇವರು, ಮಂಚದ ತಲೆಗೆ ತೂಗುಹಾಕಿದ ಹಲಗೆಯಲ್ಲಿ ಹೆಸರು ಅವನದು. ಬೇಕಾದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಆ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ವಾರ್ಡಿಗೆ ಇನ್ನೊಬ್ಬ ಕನ್ಸಲ್ಟೆಂಟ್ ಬರುತ್ತಾರೆ, ಶರತ್ಕಾಲದಲ್ಲಿ ಜಾಹೀರಾತು. ಆ ಜಾಗ ತನ್ನದೇ ಎಂದು ನಮ್ಮವರು ಯಾರಿಗೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ನೋಡಿದ್ದು, ಆಮೇಲೆ ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಸಾಹೇಬ ಎರಡು ಆಪರೇಷನ್ನಿನ ನಡುವೆ ಕೈ ತೊಳೆಯುತ್ತ, "ನೀನು ಅಲ್ಲಾಡದೆ ನಿಲ್ಲುವ ಮನುಷ್ಯ. ಒಂದು ಭಾನುವಾರ ನಮ್ಮ ಬಿಲ್ಲುಗಾರರ ಕ್ಲಬ್ಬಿಗೆ ಬಾ" ಎಂದನಂತೆ. ಸಾಹೇಬನಿಗೆ ಟರ್ಕಿ ಹುಚ್ಚು. ಪ್ರತಿ ಏಪ್ರಿಲಿನಲ್ಲಿ ಬಿಲ್ಲು ಹೊತ್ತುಕೊಂಡು ಅಮೆರಿಕಕ್ಕೆ ಹೋಗುತ್ತಿದ್ದ. ಅಲ್ಲಿ ಬೇಟೆಗಾರರು ಪುಟ್ಟ ಗುಡಾರ ಹಾಕಿಕೊಂಡು ಅದರ ಮರೆಯಲ್ಲಿ ಅಡಗಿ ಕೂರುತ್ತಾರೆ. ಅದು ಹೇಡಿಗಳ ಕೆಲಸವೆಂದು ಸಾಹೇಬನ ಮತ. ಬಯಲಲ್ಲಿ ಕೂತು, ಕೋಳಿಯ ಕಣ್ಣೆದುರಿಗೇ ಹೆದೆ ಎಳೆದು ಹೊಡೆಯುವವನೇ ಗಂಡಸು. ವರ್ಷದ ಉಳಿದ ತಿಂಗಳು ಈ ಗಂಡಸು ಕ್ರೋಯ್ಡನ್ನಿನಾಚೆಯ ಕಾಡಿನಲ್ಲಿ, ತನ್ನಂಥ ಹತ್ತಾರು ಗಂಡಸರ ಜೊತೆ, ರಬ್ಬರಿನ ಪ್ರಾಣಿಗಳನ್ನು ಹೊಡೆಯುತ್ತಿದ್ದ.

"ಸಾಹೇಬ್ರು ತಾವಾಗೇ ಕರದಾರ" ಎಂದು ನಮ್ಮವರು ಮನೆಗೆ ಬಂದು ಹೇಳಿದರು. ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆಯವರು ದೇವರಿಗೆ ಸಕ್ಕರೆ ಇಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ.

"ಕೆಲಸದ ಮಾತು ಎತ್ತಿದ್ರಾ?" ಎಂದೆ.

"ಏ, ಹಂಗ ಬಾಯಿಬಿಟ್ಟು ಕೇಳಿದ್ರ ಛಲೋ ಕಾಣಂಗಿಲ್ಲ. ಅವರು ಮೊದಲ ಮನಶ್ಯಾನ್ನ ನೋಡಬೇಕು. ನೋಡಿದ ಮ್ಯಾಲೆ ತಾವ ಹೇಳ್ತಾರ."

"ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ ನಮ್ಮ ಮೈಸೂರಲ್ಲಿ."

"ನಿಮ್ಮ ಮೈಸೂರಾಗ ಬರಗಾಲ ಎಂದ ಬಿದ್ದಿತ್ತು? ಕೂತಲ್ಲೇ ಮಸಾಲಿ ದ್ವಾಶಿ ಬರ್ತಾವ ನಿಮಗ" ಎಂದು ಬಿಲ್ಲು ಕೊಳ್ಳಲು ಹೊರಟರು.

ನಾನು ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಗಂಡ ಹಾಳಾಗುವುದಾದರೆ ಸರಿಯಾಗಿ ಓದಿಕೊಂಡು ಹಾಳಾಗಲಿ ಎಂದು ಟರ್ಕಿಯ ಮೇಲಿನ ಪುಸ್ತಕ ತಂದುಕೊಟ್ಟೆ. ಅದನ್ನು ಓದಿದ ಮೇಲೆ ನನಗೇ ಆ ಕೋಳಿಯ ಮೇಲೆ ಗೌರವ ಬಂತು. ತಲೆಯ ಎರಡು ಪಕ್ಕದಲ್ಲಿ ಕಣ್ಣು, ಬೆನ್ನ ಹಿಂದಿನದೂ ಹೆಚ್ಚುಕಡಿಮೆ ಕಾಣುತ್ತದೆ, ಬಣ್ಣಗಳೂ ಕಾಣುತ್ತವೆ. ರೆಪ್ಪೆ ಮಿಟುಕಿಸಿದರೂ ಓಟ. ಬಾಣ ಬಿಡುವುದು ಕಷ್ಟವಲ್ಲ, ಹೆದೆ ಎಳೆಯುವುದು ಕಷ್ಟ, ಏಕೆಂದರೆ ಆಗ ಕೈ ಆಡಲೇಬೇಕು. ಮರೆಯಿಲ್ಲದೆ ಕೂತವನು ಕೋಳಿಯ ತಲೆ ಯಾವುದಾದರೂ ಮರದ ಹಿಂದೆ ಹೋಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಮೂಗಿನ ಮೇಲೆ ಸೊಳ್ಳೆ ಕೂತು ಸಂಸಾರ ಹೂಡಿದರೂ ಸುಮ್ಮನಿರಬೇಕು.

ಕಾಯುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರು? ವಲಸೆ ಆಫೀಸಿನ ಸಾಲಿನಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ, ಸಾಹೇಬನ ಬಾಗಿಲ ಹೊರಗೆ, ಬರೀ ಕಾಯುತ್ತಲೇ ತಲೆ ನೆರೆಸಿಕೊಂಡವರು. ಹಿತ್ತಲಲ್ಲಿ ಕೂತರೆ ಫೋನ್ ಹೊಡೆದುಕೊಂಡರೂ ಏಳುತ್ತಿರಲಿಲ್ಲ. ಮಗಳು ಯಾರ ಕರೆ ಬಂದರೂ "ಡ್ಯಾಡ್ ಪೊದೆಯಾಗಿದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಇಡುತ್ತಿದ್ದಳು. ಒಂದು ದಿನ ಅಳಿಲು ಅವರ ಬೂಟಿನ ಮೇಲೆ ಹಾದುಹೋಯಿತು. ಆ ಗೌರವವನ್ನು ಅವರು ವಾರವಿಡೀ ಊಟದ ಹೊತ್ತಿಗೆ ನಮಗೆ ಬಡಿಸಿದರು.

ಅಕ್ಟೋಬರಿನಲ್ಲಿ ಜಾಹೀರಾತು ಬಂತು. ನಮ್ಮವರು ಅರ್ಜಿ ತುಂಬಲಿಲ್ಲ. "ಸಾಹೇಬ್ರು ಹಾಕು ಅಂದ್ರ ಹಾಕ್ತೀನಿ. ಅವರು ಅನ್ನೂದ್ರಾಗ ನಾನ ಹಾಕಿದ್ರ ಉದ್ಧಟತನ ಆಗ್ತೈತಿ" ಎಂದರು. ಕಡೆಯ ದಿನ ಶುಕ್ರವಾರ. ಅದರ ಹಿಂದಿನ ಭಾನುವಾರ ಕ್ಲಬ್ಬಿನಲ್ಲಿ ಟರ್ಕಿ ಪಂದ್ಯ. ಸಾಹೇಬ ಅವತ್ತೇ ಹೇಳುತ್ತಾನೆ, ಇಲ್ಲದಿದ್ದರೆ ಖುದ್ದಾಗಿ ಯಾಕೆ ಕರೆಯುತ್ತಿದ್ದ ಎಂದು ತಾಯಿ ಮಗ ಇಬ್ಬರೂ ನಂಬಿಕೊಂಡಿದ್ದರು. ನನಗೆ ಮಾತ್ರ ಇಷ್ಟು ನಂಬಬೇಡಿ ಎಂದು ಹೇಳಬೇಕೆನಿಸುತ್ತಿತ್ತು, ಹೇಳಿದರೆ ಆ ಮುಖದ ಕಳೆ ಹೋಗುತ್ತದಲ್ಲ ಎಂದು ಭಯವಾಗುತ್ತಿತ್ತು.

ಅದೇ ವಾರ ಖಂಡೇಪೂಜೆ ಬಂದಿತ್ತು. ಆಯುಧಗಳನ್ನು ಪೂಜಿಸುವ ಹಬ್ಬ. ಊರಲ್ಲಾದರೆ ಅತ್ತೆಯವರು ಕುಡುಗೋಲು, ಈಳಿಗೆಮಣೆಗೆ ಕುಂಕುಮ ಹಚ್ಚುತ್ತಿದ್ದರು. ಹಿಂದೊಮ್ಮೆ ಸಟನ್ನಿಗೆ ಬಂದಿದ್ದಾಗ ಕಸ ಹೀರುವ ಹೂವರ್ ಮತ್ತು ಮೈಕ್ರೋವೇವಿಗೆ ಹಚ್ಚಿ ತೃಪ್ತಿಪಟ್ಟಿದ್ದರು. ಈ ಸಲ ಮನೆಯಲ್ಲೇ ನಿಜವಾದ ಬಿಲ್ಲು! ಅದಕ್ಕೆ ಅರಿಶಿನ, ಕುಂಕುಮ, ಚೆಂಡುಹೂ ಎಲ್ಲ ಏರಿದವು. ಭಾನುವಾರ ಬೆಳಿಗ್ಗೆ ಇನ್ನಷ್ಟು ಕುಂಕುಮ ತೆಗೆದು ಮಗನ ಹಣೆಗೂ ದೊಡ್ಡದಾಗಿ ಇಟ್ಟು, "ಕೆಲಸ ಆಗೂತನಕಾ ಅಳಿಸಬ್ಯಾಡ" ಎಂದು ಅಪ್ಪಣೆ ಕೊಟ್ಟರು. ಅವಲಕ್ಕಿಯ ಡಬ್ಬಿ, ಚಹಾದ ಫ್ಲಾಸ್ಕು ಹಿಡಿದು ನಮ್ಮ ಜೊತೆ ಕಾಡಿಗೂ ಹೊರಟರು.

ಕಾಡಿನ ಬಾಗಿಲಲ್ಲಿ ಕ್ಲಬ್ಬಿನ ಹೆಂಗಸೊಬ್ಬಳು ನಮ್ಮವರನ್ನು ತಡೆದಳು. ಕೆಂಪು ಬಣ್ಣ ಒಳಗೆ ಬರುವ ಹಾಗಿಲ್ಲ. ಗಂಡು ಟರ್ಕಿಯ ತಲೆ ಕೆಂಪು, ಪೊದೆಯ ನಡುವೆ ಕೆಂಪು ಕಂಡರೆ ಇನ್ನೊಬ್ಬ ಬೇಟೆಗಾರ ಅದಕ್ಕೇ ಬಾಣ ಬಿಟ್ಟಾನು. ಆದ್ದರಿಂದ ರಬ್ಬರ್ ಕೋಳಿಯ ಕಾಡಿನಲ್ಲೂ ಆ ನಿಯಮ. "ಅದನ್ನು ಒರೆಸಿಕೊಳ್ಳಿ" ಎಂದಳು. ನಮ್ಮವರು ಆಕೆಯನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಕಾರಿನಿಂದ ಔಷಧದ ಪೆಟ್ಟಿಗೆ ತಂದು, ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿಯನ್ನು ಹಣೆಗೊಂದು ಬಿಲ್ಲಿಗೊಂದು ಅಂಟಿಸಿದರು. ಆ ಪ್ಲಾಸ್ಟರ್ ಮೈಬಣ್ಣದ್ದಂತೆ, ಪೊಟ್ಟಣದ ಮೇಲೆ ಹಾಗೆ ಬರೆದಿದೆ. ಯಾರ ಮೈಬಣ್ಣವೋ, ಇವರ ಹಣೆಯ ಮೇಲಂತೂ ಟ್ಯೂಬ್‌ಲೈಟು ಹಾಕಿದ ಹಾಗೆ ಹೊಳೆಯಿತು. ಅದನ್ನು ಮುಚ್ಚಲು ಕೆಸರು ಬಳಿದುಕೊಂಡರು. ಮರ್ಯಾದಸ್ಥ ಎಲುಬಿನ ಡಾಕ್ಟರು, ಮುಖಕ್ಕೆ ಕೆಸರು, ಒಳಗೆ ಪ್ಲಾಸ್ಟರು, ಅದರೊಳಗೆ ಕುಂಕುಮ. ನಗಲೂ ಆಗಲಿಲ್ಲ ನನಗೆ.

ಪಂದ್ಯ ಹೀಗೆ. ಬಯಲಲ್ಲಿ ರಬ್ಬರ್ ಟರ್ಕಿ. ಬಾಣ ತಾಗದಷ್ಟು ಪಕ್ಕಕ್ಕೆ ಸ್ಟೂಲ್ ಹಾಕಿಕೊಂಡು, ಬೈನಾಕ್ಯುಲರ್ ಹಿಡಿದು ಸಾಹೇಬ. ಟರ್ಕಿಯ ಕಣ್ಣು ಅವನೇ. ಒಬ್ಬೊಬ್ಬರಾಗಿ ಬಂದು, ಯಾವ ಮರೆಯೂ ಇಲ್ಲದೆ ಮರಕ್ಕೊರಗಿ ಕೂತು, ಅವನು ನೋಡುತ್ತಿರುವಾಗಲೇ ಹೆದೆ ಎಳೆದು ಹೊಡೆಯಬೇಕು. ಕೈ ಆಡಿದ್ದು ಕಂಡರೆ ಸೀಟಿ ಊದುತ್ತಾನೆ, ಔಟ್. ಬ್ಯಾಂಕಿನ ಮ್ಯಾನೇಜರೊಬ್ಬ ಕೂತ ತಕ್ಷಣ ಕೆಮ್ಮಿ ಔಟಾದ. ಆಮೇಲಿನವನು ಮೊಣಕೈ ಎತ್ತುವಷ್ಟರಲ್ಲಿ ಸೀಟಿ. ನಡುನಡುವೆ ಸಾಹೇಬ ಗಂಟಲು ಹಿಂಡಿ ಟರ್ಕಿಯ ಹಾಗೆ ಕೂಗುತ್ತಿದ್ದ. "ಇವಗ ಮೈಯಾಗ ಅರಾಮ ಇಲ್ಲೇನು?" ಎಂದು ಅತ್ತೆಯವರು ನನ್ನನ್ನು ಕೇಳಿದರು.

ನಮ್ಮವರು ಕೂತರು. ಸಾಹೇಬ ನೋಡಿದ, ಮತ್ತೆ ನೋಡಿದ, ಕೊರಳು ಅತ್ತಿತ್ತ ತಿರುಗಿಸಿದ. ಇವರ ಉಸಿರಾದರೂ ಆಡುತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನವಾಯಿತು. ಜನ ಚಹಾ ಕುಡಿದರು, ಮೋಡ ಬಂದು ಹೋಯಿತು. ಆಮೇಲೆ ಸಾಹೇಬ ಕನ್ನಡಕ ತೆಗೆದು ಜೇಬಿಗಿಟ್ಟ. ಮೂಗು ಒರೆಸಿಕೊಳ್ಳುವ ಮೊದಲು ಅವನು ಯಾವಾಗಲೂ ಹಾಗೆಯೇ ಮಾಡುವುದು, ಆಮೇಲೆ ಕರವಸ್ತ್ರ ಹುಡುಕುವುದು. ವರ್ಷಗಟ್ಟಲೆ ಅವನ ಹಿಂದೆ ವಾರ್ಡು ಸುತ್ತಿದವರಿಗೆ ಅದು ಗೊತ್ತಿಲ್ಲವೇ? ಅವನು ಮೂಗಿಗೆ ಬಟ್ಟೆ ಹಿಡಿದು ತಲೆ ತಗ್ಗಿಸಿದ. ತಲೆ ಎತ್ತುವಷ್ಟರಲ್ಲಿ ರಬ್ಬರ್ ಕೋಳಿಯ ಎದೆಯಲ್ಲಿ ಬಾಣ ನಿಂತಿತ್ತು.

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಸಾಹೇಬ ಬಂದು ನಮ್ಮವರ ಹೆಗಲ ಮೇಲೆ ಕೈ ಹಾಕಿ ಚಹಾದ ಮೇಜಿನ ಹತ್ತಿರ ಕರೆತಂದ. ಈಗ ಹೇಳುತ್ತಾನೆ ಎಂದು ನಮ್ಮವರು ಕೆಸರು ಮುಖದಲ್ಲೇ ನೆಟ್ಟಗೆ ನಿಂತರು.

"ಇವನು ನನ್ನ ವಾರ್ಡಿನವನು" ಎಂದು ಸಾಹೇಬ ಎಲ್ಲರಿಗೂ ಹೇಳಿದ. "ಇಷ್ಟು ವರ್ಷ ಒಂದು ದಿನವೂ ಏನೂ ಕೇಳಿದವನಲ್ಲ, ಇದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಇವನಿಲ್ಲದೆ ನನ್ನ ಕೈಕಾಲು ಆಡುವುದಿಲ್ಲ." ಆಮೇಲೆ ನಮ್ಮವರ ಕಡೆ ತಿರುಗಿದ. "ಹೊಸ ಕನ್ಸಲ್ಟೆಂಟ್ ಜಾಗಕ್ಕೆ ಒಬ್ಬ ಚುರುಕು ಹುಡುಗನನ್ನು ನೋಡಿದ್ದೇವೆ. ಬಂದ ಮೇಲೆ ಕೆಲಸವೆಲ್ಲ ನೀನೇ ತೋರಿಸಿಕೊಡಬೇಕು. ಏಪ್ರಿಲಿನಲ್ಲಿ ನನ್ನ ಜೊತೆ ಟರ್ಕಿ ಬೇಟೆಗೆ ನಿನ್ನನ್ನೇ ಕರೆದುಕೊಂಡು ಹೋಗಬೇಕು ನೋಡು. ಆದರೆ ನೀನೂ ಬಂದರೆ ವಾರ್ಡು ನೋಡುವವರು ಯಾರು?"

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ನಾನು ಬಾಯಿ ತೆರೆದೆ, ಅವರು ಮೇಜಿನ ಕೆಳಗೆ ನನ್ನ ಕಾಲು ಗಟ್ಟಿಯಾಗಿ ತುಳಿದರು. "ಖಂಡಿತ ಸರ್, ನಾನು ನೋಡಿಕೊಳ್ತೇನೆ" ಎಂದರು. ಗೆದ್ದವರಿಗೆಂದು ಕೊಟ್ಟ ಟರ್ಕಿ ಗರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದ ತೆಗೆದುಕೊಳ್ಳುವ ಹಾಗೆ. ಆ ಗರಿಯನ್ನು ಅಲ್ಲೇ ಮುರಿದು ಎಸೆಯಬೇಕೆನಿಸಿತು ನನಗೆ.

ವಾಪಸು ಬರುವಾಗ ಕ್ರೋಯ್ಡನ್ನಿನಲ್ಲಿ ಟ್ರಾಮ್ ದಾಟಲಿ ಎಂದು ಕಾರು ನಿಂತಿತ್ತು. ಇಂಗ್ಲಿಷ್ ತಿಳಿಯದ ಅತ್ತೆಯವರು ಹಿಂದಿನ ಸೀಟಿನಿಂದ ಕೇಳಿದರು.

"ಏನಂದ್ರಪಾ ನಿಮ್ಮ ಸಾಹೇಬ್ರು? ಕೆಲಸಾ ಕೊಟ್ರಿಲ್ಲೋ?"

"ಇಲ್ಲವ್ವಾ. ಬ್ಯಾರೆಯವರಿಗೆ ಕೊಡ್ತಾರಂತ."

"ಯಾಕ? ನಿನಗ ಬ್ಯಾಡಾಗಿತ್ತೇನು?"

ನಮ್ಮವರು ಸ್ಟಿಯರಿಂಗ್ ನೋಡುತ್ತ, "ಬೇಕಾಗಿತ್ತವ್ವಾ. ಭಾಳ ಬೇಕಾಗಿತ್ತು ನನಗದು" ಎಂದರು. ಇಷ್ಟು ವರ್ಷದಲ್ಲಿ ಅವರು ತನಗೆ ಏನಾದರೂ ಬೇಕು ಎಂದದ್ದು ನಾನು ಅದೇ ಮೊದಲು ಕೇಳಿದ್ದು. ಅದನ್ನೂ ಕನ್ನಡದಲ್ಲಿ, ಕಿಟಕಿ ಏರಿಸಿದ ಕಾರಿನಲ್ಲಿ, ಆ ಕೆಲಸವನ್ನು ಕೊಡಲಾರದ ಇಬ್ಬರು ಹೆಂಗಸರ ಮುಂದೆ ಹೇಳಿದರು.

"ಮತ್ತ ಅವರನ್ನ ಕೇಳಿದೇನು?"

"ಇಲ್ಲ. ಕೇಳಿ ಇಸ್ಕೋಬಾರ್ದು, ಕೊಟ್ರ ತಗೋಬೇಕು ಅಂತ ನೀನ ಹೇಳಿದ್ದಿ ಸಣ್ಣಾಂವ ಇದ್ದಾಗ."

ಅತ್ತೆಯವರು ಮುಂದಕ್ಕೆ ಬಾಗಿ ಮಗನ ಸೀಟನ್ನು ಹಿಡಿದುಕೊಂಡರು. "ಅದು ಮಂದಿ ಮನ್ಯಾಗ ಉಂಡಿ ಕೇಳಬ್ಯಾಡ ಅಂತ ಹೇಳಿದ್ದೆನೋ ಖೋಡಿ. ನಿನ್ನ ದುಡಿಮಿ ಕೇಳಬ್ಯಾಡ ಅಂತ ಯಾವಾಗ ಹೇಳಿದ್ದೆ?"

ಟ್ರಾಮ್ ಹೋಗಿಯಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ನಮ್ಮವರು ಗೇರಿಗೆ ಕೈ ಹಾಕಲಿಲ್ಲ.

"ಯಾವಾಗ ಕೇಳಬೇಕು ಅಂತನೂ ನೀ ಹೇಳಲಿಲ್ಲಲ್ಲವ್ವಾ" ಎಂದರು.