ಗುಳಿಕಕಾಲದ ಮುನ್ನುಡಿ

ನಾನು ದೇವರನ್ನು ನಂಬುವವನಲ್ಲ. ಆದರೆ ಬರೆಯುವ ಕೆಲಸವೊಂದು ತಲೆಯ ಮೇಲೆ ಬಂದು ಕೂತರೆ ಸಾಕು, ನನ್ನಷ್ಟು ಆಚಾರವಂತ ಇಡೀ ದಾವಣಗೆರೆಯಲ್ಲಿ ಇನ್ನೊಬ್ಬ ಸಿಗಲಾರ.

ನಮ್ಮ ಹಿರಿಯರು ಹಗಲನ್ನು ಎಂಟು ಪಾಲು ಮಾಡಿ, ಮೂರನ್ನು ರಾಹು, ಯಮಗಂಡ, ಗುಳಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಎಂಥ ಕರುಣಾಳುಗಳು! ಸೋಮವಾರವನ್ನೇ ನೋಡಿ. ಏಳೂವರೆಗೆ ಪೆನ್ನು ಹಿಡಿಯೋಣವೆಂದರೆ ರಾಹುಕಾಲ. ಅದು ಮುಗಿಯುವ ಹೊತ್ತಿಗೆ ಬೆಣ್ಣೆದೋಸೆಯ ಹೋಟೆಲಿನಲ್ಲಿ ಹೆಂಚು ಕಾದಿರುತ್ತದೆ. ದೋಸೆಯನ್ನು ಕಾಯಿಸುವುದು ಪಾಪ. ತಿಂದು ಬಂದರೆ ಯಮಗಂಡ. ಊಟವಾದ ಮೇಲೆ ಗುಳಿಕ. ಗುಳಿಕಕಾಲದಲ್ಲಿ ಮಾಡಿದ್ದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದಂತೆ. ಒಂದು ಸಲ ಬರೆಯುವುದಕ್ಕೇ ಜೀವ ಬಾಯಿಗೆ ಬರುತ್ತದೆ. ಹಾಗಾಗಿ ಮಲಗುತ್ತೇನೆ, ನಿದ್ದೆ ಮತ್ತೆ ಮತ್ತೆ ಬಂದರೂ ಅಡ್ಡಿಯಿಲ್ಲ.

“ಒಂದಿನ ದೇವ್ರಿಗೆ ಕೈ ಮುಗಿದೋರಲ್ಲ, ರಾಹುಕಾಲ ಮಾತ್ರ ಬಾಯಿಪಾಠ ಐತೆ ನೋಡ್ರಿ!” ಎನ್ನುತ್ತಾಳೆ ಹೆಂಡತಿ.

ಈ ಸಲ ಸಿಕ್ಕಿಕೊಂಡದ್ದು ನಮ್ಮ ಸೋದರತ್ತೆಯ ಪುಸ್ತಕ. ಹರಿಹರದಲ್ಲಿರುವ ಅತ್ತೆ ರೊಟ್ಟಿ ಬಡಿಯುತ್ತ, ಸೊಸೆಯಂದಿರ ಜೊತೆ ಜಗಳಾಡುತ್ತ ಕಟ್ಟಿದ ಚುಟುಕಗಳು. ಎಪ್ಪತ್ತು ದಾಟಿದ ಮೇಲೆ ಮೊದಲ ಪುಸ್ತಕ. ಮುನ್ನುಡಿ ನನ್ನದೇ ಆಗಬೇಕೆಂದು ಹಟ. ಒಪ್ಪಿಕೊಂಡು ಆರು ತಿಂಗಳು ಪಂಚಾಂಗ ನೋಡಿದೆ. ಅತ್ತೆ ಕೇಳಿದ್ದು ಒಂದೇ ಸಲ, ಫೋನಿನಲ್ಲಿ: “ಅವಸರ ಏನಿಲ್ಲಪ್ಪ. ನನ್ನ ಗೆಳತೇರ ಕಣ್ಣು ಮಂಜಾಗೋದ್ರೊಳಗೆ ಬರಿ. ಆಮ್ಯಾಲೆ ಓದೋರು ಯಾರು?”

ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಇನ್ನೊಂದು ತಿಂಗಳು ಕಳೆದೆ.

ಆಮೇಲೆ ಭಾನುವಾರ ಮಧ್ಯಾಹ್ನ ಪುಸ್ತಕ ಬಿಡುಗಡೆ, ಬಾ ಎಂಬ ಕರೆ ಬಂತು. ಮುನ್ನುಡಿಯ ಗೊಡವೆಯೇ ತಪ್ಪಿತೆಂದು ಖುಷಿಯಿಂದ ಬಸ್ಸು ಹತ್ತಿದೆ. ಅತ್ತೆಯ ಪಡಸಾಲೆಯಲ್ಲಿ ಗೆಳತಿಯರು ಮಂಡಕ್ಕಿ ತಿನ್ನುತ್ತ ಕೂತಿದ್ದರು. ಪುಸ್ತಕ ತೆರೆದೆ. ಮೇಲೆ ‘ಮುನ್ನುಡಿ’, ಕೆಳಗೆ ನನ್ನ ಹೆಸರು, ನಡುವೆ ಇಡೀ ಪುಟ ಖಾಲಿ!

“ಜಾಗ ಬಿಡ್ಸೀನಿ. ಕೂಡು, ಎಲ್ಲದ್ರಾಗೂ ಕೈಯಾಗೆ ಬರಿ,” ಎಂದರು ಅತ್ತೆ.

ಗಡಿಯಾರ ನೋಡಿದೆ. ಮೂರೂವರೆ. “ಅತ್ತೀ, ಈಗ ಗುಳಿಕಕಾಲ…”

“ಚಲೋ ಆತು. ಮತ್ತೆ ಮತ್ತೆ ಬರಿಯೋ ಕೆಲಸನೇ ಐತೆ.”

ಮುದುಕಿಯರು ಪುಸ್ತಕ ಹಿಡಿದು ಸಾಲಾಗಿ ನಿಂತರು. ಮೊದಲನೆಯದರಲ್ಲಿ ‘ಜೀವನಾನುಭವದ ದಟ್ಟ ಅಭಿವ್ಯಕ್ತಿ’ ಎಂದೆಲ್ಲ ಪುಟ ತುಂಬಿಸಿದೆ. ನಾಲ್ಕನೆಯದಕ್ಕೆ ದಟ್ಟ ಹೋಯಿತು, ಮುಂದೆ ಅಭಿವ್ಯಕ್ತಿಯೂ ಹೋಯಿತು. ಮಣಿಕಟ್ಟು ಬಿದ್ದುಹೋಗುವ ಹೊತ್ತಿಗೆ ಉಳಿದದ್ದು ಇಷ್ಟೇ: ‘ಇದು ನಮ್ಮ ಅತ್ತೆ ಬರೆದದ್ದು. ಕಣ್ಣು ಚೆನ್ನಾಗಿರುವಾಗಲೇ ಓದಿಬಿಡಿ.’

ಕೊನೆಯ ಪ್ರತಿ ಅತ್ತೆಯದು. ಕನ್ನಡಕ ಏರಿಸಿ ಓದಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನನ್ನೇ ನೋಡಿದರು.

“ಇಷ್ಟು ಬರಿಯಾಕೆ ಇಷ್ಟು ದಿನ ಬೇಕಾತೇನಪ್ಪ?”

ಇದನ್ನು ಬರೆಯುತ್ತಿರುವುದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ರಾಹು ಬಾಗಿಲಲ್ಲೇ ನಿಂತಿದ್ದಾನೆ. ಮುಗಿಯುವವರೆಗೆ ಕೂತಿರಪ್ಪ, ಆಮೇಲೆ ಇಬ್ಬರೂ ದೋಸೆಗೆ ಹೋಗೋಣ ಎಂದಿದ್ದೇನೆ.