ಏಣಿ ಹಿಡಿದವಳಿಗೆ ಹೇಳಿದ ಸುಳ್ಳು

ಮೆಣಸು ಕುಯ್ಯುವ ನಮ್ಮ ಏಣಿಗೆ ಒಂದೇ ಕಾಲು. ಉದ್ದನೆಯ ಒಂದು ಬಿದಿರು, ಗಿಣ್ಣಿನಲ್ಲಿ ಉಳಿಸಿದ ಮೋಟು ಕೊಂಬೆಗಳೇ ಮೆಟ್ಟಿಲು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ ಒಬ್ಬ ಹತ್ತಿದರೆ ಇನ್ನೊಬ್ಬರು ಬುಡ ಹಿಡಿದು ನಿಲ್ಲಲೇಬೇಕು. ಕೆಳಗಿನವರು ಇಳಿ ಅಂದರೆ ಮೇಲಿನವನು ಯಾಕೆ ಅಂತ ಕೇಳದೆ ಇಳಿಯಬೇಕು. ಮೇಲೆ ಏನಾದರೂ ಆದರೆ ಆದದ್ದನ್ನು ಆದ ಹಾಗೆ ಕೂಗಿ ಹೇಳಬೇಕು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದಿದವರ ಮುಂದೆ ತಲೆ ಎತ್ತಿ ನಿಲ್ಲಲು ನನಗಿದ್ದದ್ದು ಈ ಏಣಿಯೊಂದೇ. ಚೆಟ್ಟಳ್ಳಿ ಕಡೆಯ ಎಸ್ಟೇಟುಗಳಲ್ಲಿ ಎತ್ತರದ ಮರ ಅಂದರೆ ನನಗೇ ಹೇಳಿಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಬುಡ ಹಿಡಿದವಳು ನನ್ನ ಹೆಂಡತಿ. ಬೇರೆ ಯಾರ ಕೈಯಲ್ಲೂ ನಾನು ಏಣಿ ಕೊಟ್ಟವನಲ್ಲ.

ಎದೆ ಮೊದಲ ಸಲ ಓಡಿದ್ದು ಮರದ ಮೇಲೆಯೇ. ಬಳ್ಳಿಗೆ ಕೈ ಚಾಚಿದ್ದೆ, ಯಾರೋ ಒಳಗಿಂದ ಬಾಗಿಲು ಬಡಿದ ಹಾಗೆ ಶುರುವಾಯಿತು. ಒಂದೊಂದೇ ಬಡಿತ ಬೇರೆಯಾಗಿ ಕೇಳುತ್ತಿರಲಿಲ್ಲ. ಕಣ್ಣು ಮಂಜಾಯಿತು. ಮರವನ್ನು ತಬ್ಬಿಕೊಂಡು ನಿಂತೆ.

"ಏನ್ರೀ, ಗೊಂಚಲು ಬೀಳ್ತಾನೇ ಇಲ್ಲ. ನಿದ್ದೆ ಹತ್ತಿತಾ?" ಅಂತ ಕೆಳಗಿಂದ ಕೂಗಿದಳು.

"ಚಗಳಿ ಕಣೇ, ಕಚ್ತಾ ಇದೆ. ಒಂಚೂರು ತಡಿ."

ಚಗಳಿ ಅಂದರೆ ನಮ್ಮ ಮರಗಳಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಮೆಣಸು ಕುಯ್ಯುವವರನ್ನು ಅದು ಕಚ್ಚುವುದು ಹೊಸದಲ್ಲ, ಹಾಗಾಗಿ ಅವಳು ನಂಬಿದಳು. ಸ್ವಲ್ಪ ಹೊತ್ತಿಗೆ ಎದೆ ತಾನೇ ನಿಂತ ಹಾಗಾಗಿ ಸರಿಹೋಯಿತು. ಆಮೇಲೆ ಮೂರು ವರ್ಷ, ಓಡಿದಾಗೆಲ್ಲ ಚಗಳಿ ಅಂದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಮ್ಮೆ ನೋಡಿ, "ಏನಣ್ಣ, ಮರದ ಮೇಲೆ ತಪಸ್ಸಾ? ದೇವರು ಬಂದ್ರೆ ನಂಗೂ ಒಂದು ವರ ಕೇಳು" ಅಂದ. ಅವಳು ನಕ್ಕಳು. ನಾನೂ ನಕ್ಕೆ.

ಕಳೆದ ಕೊಯ್ಲಿನಲ್ಲಿ ಅದು ನೆಲದ ಮೇಲೇ ಬಂತು. ಮೂಟೆ ಹೊಲಿಯುತ್ತಾ ಕೂತಿದ್ದೆ, ಒಂದು ಗಂಟೆಯಾದರೂ ನಿಲ್ಲಲಿಲ್ಲ. ನೆಲದ ಮೇಲೆ ಚಗಳಿ ಅನ್ನಲು ಆಗುತ್ತದೆಯೇ? ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಮುಂದಿನ ವಾರ ಮೈಸೂರಿನ ಹೃದಯದ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಎಷ್ಟು ದಿನದಿಂದ ಹೀಗಾಗ್ತಿದೆ?"

"ಇದೇ ಮೊದಲು."

"ನಿಜ ಹೇಳಿ. ಅದನ್ನ ನೋಡ್ಕೊಂಡೇ ನಾನು ಮುಂದಿನದು ಹೇಳಬೇಕು."

"ಮೂರು ವರ್ಷ ಆಯ್ತು. ಮರದ ಮೇಲೆ ಇದ್ದಾಗ."

ನನ್ನ ಹೆಂಡತಿ ಡಾಕ್ಟರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಹಾಗಾದ್ರೆ ಚಗಳಿ?"

ನಾನು ಡಾಕ್ಟರ ಕಡೆ ತಿರುಗಿದೆ.

ಡಾಕ್ಟರ್ ವಿವರಿಸಿದರು. ಹೃದಯದೊಳಗೆ ಬಡಿತದ ಕರೆಂಟು ಓಡಲು ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿ ಇದೆಯಂತೆ. ತೊಡೆಯ ನರದಿಂದ ಸಣ್ಣ ತಂತಿ ಕಳಿಸಿ ಅದನ್ನು ಸುಟ್ಟುಬಿಡುತ್ತಾರಂತೆ. ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ಅಪರೂಪಕ್ಕೆ ಪಕ್ಕದ ಸರಿಯಾದ ದಾರಿಗೂ ಪೆಟ್ಟಾಗಿ ಎದೆಯೊಳಗೆ ಬಡಿತ ನಡೆಸುವ ಮಿಷನ್ ಇಡಬೇಕಾಗಬಹುದು. ಬೇಡ ಅಂದರೆ ಮಾತ್ರೆ ಇದೆ, ಆದರೆ ಮಾತ್ರೆ ನುಂಗುತ್ತಾ ಮರ ಹತ್ತುವ ಹಾಗಿಲ್ಲ. ನನಗೆ ಆಗ ಕೇಳಿಸಿದ್ದು ಒಂದೇ ಮಾತು: ಸುಟ್ಟರೆ ಮತ್ತೆ ಹತ್ತಬಹುದು.

ಒಪ್ಪಿಗೆ ಪತ್ರ ಕೊಟ್ಟು, ಮನೆಯಲ್ಲಿ ಯೋಚನೆ ಮಾಡಿ ಅಂದರು. ಯಾರಿಂದಲೂ ಓದಿಸದೆ, ಬೆರಳಿಟ್ಟುಕೊಂಡು ನಾನೇ ಓದಿದೆ. ಕೊನೆಗೆ ಎರಡು ಸೈನಿಗೆ ಜಾಗ ಇತ್ತು, ನನ್ನದೊಂದು, ಮನೆಯವರದೊಂದು.

ಊರಿಗೆ ವಾಪಸಾಗಿ ಸುಂಟಿಕೊಪ್ಪದಲ್ಲಿ ಬಸ್ ಇಳಿದೆವು. ಅವಳು ಹೇಳಿದಳು, "ಸೈನ್ ಹಾಕ್ತೀನಿ. ಏಣಿ ಮಾತ್ರ ಇನ್ನು ಹಿಡಿಯಲ್ಲ."

"ಬೇರೆಯವರ ಹತ್ರ ಹಿಡಿಸ್ಕೋತೀನಿ ಬಿಡು."

"ಹಿಡಿಸ್ಕೊಳ್ಳಿ. ಚಗಳಿ ಅಂದ್ರೆ ಅವರೂ ನಂಬ್ತಾರೆ."

ಬಾಯಲ್ಲಿ ಹಾಗಂದರೂ ಬೇರೆಯವರು ಹಿಡಿದ ಏಣಿ ನಾನು ಹತ್ತುವವನಲ್ಲ, ಏಣಿ ಇಲ್ಲದ ಮೇಲೆ ಸುಡಿಸಿಕೊಂಡು ಏನು ಪ್ರಯೋಜನ ಅಂತ ಹಟ ಹಿಡಿದೆ. ಹತ್ತು ದಿನ ಪತ್ರ ಗೋಡೆಯ ಮೊಳೆಯಲ್ಲೇ ನೇತಾಡಿತು.

ಹನ್ನೊಂದನೆಯ ದಿನ ಬೆಳಿಗ್ಗೆ ನಮ್ಮ ಒಂದೆಕರೆ ತೋಟದಲ್ಲಿ, ಕೊಯ್ಲು ಅರ್ಧಕ್ಕೆ ನಿಂತ ಸಾಲಿಗೆ ಹೋದೆ. ಒಂದೊಂದು ಮರದ ಬುಡಕ್ಕೂ ಬೂದಿಯ ಬಳೆ. ಚಗಳಿ ಮೇಲೆ ಹತ್ತದಿರಲಿ ಅಂತ ಅವಳು ದಿನಾ ಬೆಳಿಗ್ಗೆ ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ತಂದು ಹಾಕಿದ್ದು. ಇಬ್ಬನಿಗೆ ನೆನೆದು ಗಟ್ಟಿಯಾದ ಕಡೆ ಅವಳ ಬೆರಳಿನ ಗುರುತು ಹಾಗೇ ಇತ್ತು. ಈ ಬೂದಿ ಹಾಕುವುದನ್ನು ಮೂರು ವರ್ಷ ನಾನು ನೋಡಿದ್ದೆ. ಕಾಫಿ ಕುಡಿಯುತ್ತಾ ನೋಡಿದ್ದೆ. ಬೇಡ ಕಣೇ, ಅದು ಚಗಳಿಯಲ್ಲ ಅಂತ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬುಡದಲ್ಲಿ ಕೂತುಬಿಟ್ಟೆ.

ಮನೆಗೆ ಬಂದು ಪತ್ರವನ್ನು ಮೊಳೆಯಿಂದ ತೆಗೆದೆ. "ಸೈನ್ ಹಾಕು. ಸುಡಿಸ್ಕೊಂಡು ಬರ್ತೀನಿ. ಏಣಿ ಹತ್ತಲ್ಲ."

"ನೋಡಣ" ಅಂದಳು. ಅಷ್ಟೇ. ಹೆಸರು ಬರೆದುಕೊಟ್ಟಳು.

ಸುಟ್ಟಾಯಿತು, ಎದೆ ಮತ್ತೆ ಓಡಿಲ್ಲ. ಈ ಸಲ ಕೊಯ್ಲಿಗೆ ಬಂದ ಆಳಿಗೆ ನಾನೇ ಬುಡ ಹಿಡಿದೆ. ಅವನು ಮೇಲೆ ಒಂದು ಗಳಿಗೆ ಸುಮ್ಮನಾದರೆ ನಾನು ಇಳಿ ಅಂತ ಕೂಗುತ್ತಿದ್ದೆ. ಅವಳು ಆ ಸಾಲಿನ ಕಡೆ ಬರುವುದೇ ಇಲ್ಲ, ಬೂದಿಯನ್ನು ಈಗ ಬಾಳೆಯ ಬುಡಕ್ಕೆ ಸುರಿಯುತ್ತಾಳೆ.

ಜಗಲಿಯಲ್ಲಿ ನಾನು ಸುಮ್ಮನೆ ಕೂತಿದ್ದರೆ ಬಂದು ಕೇಳುತ್ತಾಳೆ, "ಓಡ್ತಾ ಇದೆಯಾ?"

"ಇಲ್ಲ ಕಣೇ" ಅನ್ನುತ್ತೇನೆ. ನಿಜವನ್ನೇ ಹೇಳುತ್ತೇನೆ. ಅವಳು ನನ್ನ ಮಣಿಕಟ್ಟಿಗೆ ಎರಡು ಬೆರಳು ಒತ್ತಿ, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾಳೆ.